ಉಗ್ರಾಣಕ್ಕೆ ವಾಪಸಾಗದ ಒಂದು

ಇಪ್ಪತ್ತಾರನೆಯ ವಯಸ್ಸಿನಲ್ಲಿ ನಾನು ಒಂದು ಸಾಲು ಬರೆದೆ, ಹದಿನೈದು ದಿನದ ಮೇಲೆ ಅದನ್ನು ಅಳಿಸಿದೆ. ಬರೆದದ್ದು ಪೆದ್ದುತನ. ಅಳಿಸಿದ್ದಕ್ಕೆ ಬೇರೆ ಹೆಸರುಂಟು. ಕಂಪ್ಯೂಟರ್ ಪ್ರೋಗ್ರಾಮಿನ ಒಂದು ಸಾಲಿಗೆ ಇಷ್ಟೊಂದು ಗೋಳೇ ಎಂದು ಕೇಳುವವರಿಗೆ ಸಮಾಧಾನ ಹೇಳುವ ತಾಳ್ಮೆ ನನಗೆ ಈಗಲೂ ಇಲ್ಲ. ನಡೆದದ್ದನ್ನು ಹೇಳುತ್ತೇನೆ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ನಾನು ಕಾಸರಗೋಡಿನ ಕಡೆಯವಳು, ಕನ್ನಡ ಶಾಲೆಯಲ್ಲಿ ಓದಿದವಳು. ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ, ಪಾಲಾರಿವಟ್ಟಂ ಜಂಕ್ಷನ್ನಿನ ಹಿಂದಿನ ಓಣಿಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆ ಮನೆ. ತಿರುವನಂತಪುರದ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯ ಕೆಲಸ ನಮ್ಮ ಕಂಪನಿಗೆ ಬಂತು. ಸಮುದ್ರದ ಅಲೆಗಳ ಎತ್ತರವನ್ನು ಮುಂಚಿತವಾಗಿ ಲೆಕ್ಕ ಹಾಕುವ ಒಂದು ಲೈಬ್ರರಿ ಅವರ ಬಳಿ ಇತ್ತು. ಲೈಬ್ರರಿ ಎಂದರೆ ಪುಸ್ತಕಗಳದ್ದಲ್ಲ. ಬೇರೆ ಪ್ರೋಗ್ರಾಮುಗಳು ಕರೆದು ಉಪಯೋಗಿಸಿಕೊಳ್ಳುವ ಲೆಕ್ಕದ ತುಣುಕುಗಳ ಒಂದು ಕಟ್ಟು. ಅದನ್ನು ಹೊಸ ಯಂತ್ರಗಳಲ್ಲಿ ಓಡುವಂತೆ ಮಾಡಿಕೊಡಬೇಕಿತ್ತು. ಬರೆದವರು ಕನ್ನಡದವರಂತೆ, ನೀನೂ ಕನ್ನಡದವಳು, ಮಾತು ಬೇಗ ಕುದುರುತ್ತದೆ ಎಂದು ನಮ್ಮ ಟೀಮಿನ ಮುಖ್ಯಸ್ಥ ನನ್ನನ್ನು ಆ ಕೆಲಸಕ್ಕೆ ಹಾಕಿದ.

ಮಾತು ಬೇಗ ಕುದುರಲಿಲ್ಲ. ಲೈಬ್ರರಿ ಬರೆದ ಮೇಡಂ ಧಾರವಾಡದವರು, ಐವತ್ತರ ಹತ್ತಿರದ ವಯಸ್ಸು, ಗಂಡನೂ ಅಲ್ಲೇ ಇನ್ನೊಂದು ವಿಭಾಗದಲ್ಲಿ ವಿಜ್ಞಾನಿ. ಮೊದಲ ದಿನ ನಾನು ಬಾಯಿ ತೆರೆದದ್ದೇ ಅವರಿಗೆ ನಗು ಬಂತು. ನಮ್ಮ ಕಡೆಯ ಕನ್ನಡ ಅವರಿಗೆ ಪಠ್ಯಪುಸ್ತಕ ಓದಿದ ಹಾಗೆ ಕೇಳುತ್ತಿತ್ತಂತೆ. ನನಗೋ ಅವರ ಮಾತಿನಲ್ಲಿ ಅರ್ಧ ಹಿಡಿಯಲು ಒಂದು ವಾರ ಬೇಕಾಯಿತು. ಅವರ ಮಗಳು ಒಂಬತ್ತನೇ ಕ್ಲಾಸು; ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದಳು. ಹಾಗಾಗಿ ನಾನು ಕ್ವಾರ್ಟರ್ಸಿಗೆ ಊಟಕ್ಕೆ ಹೋದರೆ ಒಂದೇ ಮೇಜಿನ ಸುತ್ತ ಮೂರು ಭಾಷೆ ಓಡಾಡುತ್ತಿದ್ದವು, ರೊಟ್ಟಿ ಮಾತ್ರ ಒಂದೇ. ತಿರುವನಂತಪುರದಲ್ಲಿ ಜೋಳದ ಹಿಟ್ಟು ಸಿಗದೆ ಅವರು ಊರಿಂದಲೇ ಡಬ್ಬಿ ತುಂಬಿ ತರುತ್ತಿದ್ದರು. ತಿಂಗಳಿಗೆ ಎರಡು ಸಲ ಬೆಳಗಿನ ರೈಲು ಹಿಡಿದು ಹೋಗುತ್ತಿದ್ದೆ, ಎರಡು ದಿನ ಇದ್ದು ಬರುತ್ತಿದ್ದೆ.

ಆ ಹೆಂಗಸು ನನಗೆ ಕಲಿಸಿದ್ದನ್ನು ಕಾಲೇಜು ಕಲಿಸಿರಲಿಲ್ಲ. ಪ್ರೋಗ್ರಾಮು ಓಡುವಾಗ ಅದಕ್ಕೆ ಅಂಕಿಗಳನ್ನಿಡಲು ಜಾಗ ಬೇಕು. ಜಾಗವನ್ನು ಯಂತ್ರದಿಂದ ಕೇಳಿ ಪಡೆಯಬೇಕು, ಕೆಲಸ ಮುಗಿದ ಮೇಲೆ ವಾಪಸು ಕೊಡಬೇಕು. ಕೊಡದೆ ಮರೆತರೆ ಜಾಗ ದಿನೇ ದಿನೇ ತುಂಬಿ ಕೊನೆಗೆ ಯಂತ್ರ ಕೈಚೆಲ್ಲುತ್ತದೆ. ಮದುವೆಗೆಂದು ದೇವಸ್ಥಾನದ ಉಗ್ರಾಣದಿಂದ ತಂದ ಚರಿಗೆ, ಕಡಾಯಿಗಳನ್ನು ಯಾರೂ ವಾಪಸು ಕೊಡದಿದ್ದರೆ ಮುಂದಿನ ಮದುವೆಗೆ ಅಡುಗೆಯೇ ಇಲ್ಲ, ಅಷ್ಟೇ ವಿಷಯ. ಮೇಡಂ ಇದಕ್ಕಾಗಿ ತಾವೇ ಒಂದು ವ್ಯವಸ್ಥೆ ಕಟ್ಟಿಕೊಂಡಿದ್ದರು. ಶುರುವಿಗೇ ಯಂತ್ರದಿಂದ ಒಂದು ದೊಡ್ಡ ಜಾಗ ಪಡೆದು, ಅದರೊಳಗಿಂದ ತುಂಡು ತುಂಡಾಗಿ ತಾವೇ ಹಂಚುವುದು, ತಾವೇ ಹಿಂದಕ್ಕೆ ಪಡೆಯುವುದು. ಅದಕ್ಕೆ ಉಗ್ರಾಣ ಎಂದೇ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ. ಸಂಸ್ಥೆಯ ಮಲಯಾಳಿ ಹುಡುಗರೆಲ್ಲ ಅದೊಂದು ತಾಂತ್ರಿಕ ಪದವೆಂದು ನಂಬಿ ಹಾಗೇ ಹೇಳುತ್ತಿದ್ದರು.

ಅವರ ಕೆಲಸದ ರೀತಿ ವಿಚಿತ್ರವಾಗಿತ್ತು. ಯಾವುದೇ ತುಣುಕು ಬರೆಯುವಾಗ ಜಾಗ ಪಡೆಯುವ ಸಾಲಿಗಿಂತ ಮೊದಲು ವಾಪಸು ಕೊಡುವ ಸಾಲನ್ನು ಬರೆಯುತ್ತಿದ್ದರು. ಖಾಲಿ ಪುಟದ ತಳಕ್ಕೆ ಹೋಗಿ ಮೊದಲು ಅದು, ಆಮೇಲೆ ಮೇಲಕ್ಕೆ ಬಂದು ಉಳಿದದ್ದು. ನಾನು ಉಲ್ಟಾ ಮಾಡಿದರೆ ಕೀಬೋರ್ಡಿನ ಮೇಲಿದ್ದ ನನ್ನ ಕೈ ಸರಿಸಿಬಿಡುತ್ತಿದ್ದರು.

"ಮೊದಲ ತಿರುಗಿ ಕೊಡೋದು ಬರಿ. ಇಸ್ಕೊಂಡ ಮ್ಯಾಲ ಯಾರಿಗೂ ಲಕ್ಷ್ಯ ಇರಂಗಿಲ್ಲ."

ಪ್ರೋಗ್ರಾಮು ಮುಗಿದಾಗ ಪರದೆಯ ಕೊನೆಯಲ್ಲಿ ಎರಡು ಸಂಖ್ಯೆ ಬರುತ್ತಿದ್ದವು: ಉಗ್ರಾಣದಿಂದ ಹೋದದ್ದೆಷ್ಟು, ವಾಪಸಾದದ್ದೆಷ್ಟು. ಸಾವಿರಗಟ್ಟಲೆ ಹೋಗಿ ಸಾವಿರಗಟ್ಟಲೆ ಬರುತ್ತಿದ್ದವು. ಆದರೆ ಯಾವಾಗಲೂ ಒಂದು ಕಡಿಮೆ. ಆ ಒಂದು ಏನೆಂದು ಅವರೇ ತೋರಿಸಿದ್ದರು. ಅಲೆಯ ಲೆಕ್ಕಕ್ಕೆ ಬೇಕಾದ ಒಂದು ದೊಡ್ಡ ಕೋಷ್ಟಕ ಅದು. ಅದನ್ನು ಮೊದಲ ದಿನದ ಲೆಕ್ಕದಲ್ಲಿ ಒಮ್ಮೆ ತಯಾರಿಸಿ, ಮುಂದಿನ ಎಲ್ಲ ದಿನಗಳ ಲೆಕ್ಕಕ್ಕೂ ಅದನ್ನೇ ನೋಡಬೇಕು. ಆದ್ದರಿಂದ ವಾಪಸು ಕೊಡುವಂತಿಲ್ಲ. ಪ್ರೋಗ್ರಾಮು ಮುಗಿದಾಗ ಎಲ್ಲವೂ ಹೇಗೂ ಹೋಗುತ್ತದೆ. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದಿದ್ದರು: ಇದು ಇರಲಿ, ಯಾರೂ ಮುಟ್ಟಬಾರದು. ನನಗದು ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಎಂದು ಹೇಳಿಕೊಳ್ಳುವ ಸುಖವೂ ನನಗಿಲ್ಲ.

ಆ ವರ್ಷ ಸಂಸ್ಥೆಯವರಿಗೆ ಒಂದು ಯೋಚನೆ ಹುಟ್ಟಿತು. ನಮ್ಮಲ್ಲೇ ಬರೆದ ಈ ಲೈಬ್ರರಿ ಯಾಕೆ, ಹೊರದೇಶದ ಸಿದ್ಧ ಪ್ಯಾಕೇಜನ್ನೇ ತಂದುಬಿಟ್ಟರೆ ಆಯಿತಲ್ಲ ಎಂದು. ತೀರ್ಮಾನಕ್ಕೆ ಒಂದು ಸಮಿತಿ ಮಾಡಿದರು. ಸಮಿತಿಯ ಮುಂದೆ ಲೈಬ್ರರಿಯನ್ನು ಓಡಿಸಿ ತೋರಿಸಬೇಕು, ಒಪ್ಪಿದರೆ ಉಳಿಯುತ್ತದೆ. ಮೇಡಂ ಅದರಲ್ಲಿ ಹದಿನಾಲ್ಕು ವರ್ಷ ಹಾಕಿದ್ದರು. ಮಗಳ ತೊಟ್ಟಿಲು ತೂಗುತ್ತ ಬರೆದ ಭಾಗಗಳೂ ಇದ್ದವು ಅದರಲ್ಲಿ. ವಾರಕ್ಕೊಮ್ಮೆ ಹತ್ತಿರದ ವಿಳಿಂಜಂ ಕಡಲತೀರಕ್ಕೆ ಬಸ್ಸಿನಲ್ಲಿ ಹೋಗಿ, ತಮ್ಮ ಹರಕುಮುರುಕು ಮಲಯಾಳದಲ್ಲಿ ಮೀನುಗಾರರನ್ನು ಕೇಳಿ, ಮೊನ್ನೆ ನಾವು ಹೇಳಿದಷ್ಟೇ ಅಲೆ ಬಂತೇ ಎಂದು ಬರೆದುಕೊಂಡು ಬರುತ್ತಿದ್ದರು. ಹಾಗೆ ಮಾಡೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಲೈಬ್ರರಿ ಹೋದರೆ ತನಗೆ ಇಲ್ಲಿ ಏನು ಕೆಲಸ ಎಂದು ಒಮ್ಮೆ ರೊಟ್ಟಿ ತಟ್ಟುತ್ತ ನಕ್ಕಿದ್ದರು. ಆ ನಗುವಿನಲ್ಲಿ ನಗು ಇರಲಿಲ್ಲ.

ಪ್ರದರ್ಶನಕ್ಕೆ ಎರಡು ವಾರ ಮುಂಚೆ ಅವರು ಅಣ್ಣನ ಮಗಳ ಮದುವೆಗೆಂದು ಧಾರವಾಡಕ್ಕೆ ಹೋದರು. ಅದೇ ವಾರ ನಮ್ಮ ಮುಖ್ಯಸ್ಥ ನನ್ನ ಸ್ಲೈಡುಗಳನ್ನು ನೋಡಿ, ಈ ಒಂದು ಯಾಕೆ ಉಳಿಯುತ್ತದೆ ಎಂದು ಕೇಳಿದ. ಹೇಳಿದೆ. ಸಮಿತಿಯವರಿಗೆ ಇಷ್ಟೆಲ್ಲ ವಿವರಿಸಲು ಆಗುವುದಿಲ್ಲ, ಬಾಕಿ ಸೊನ್ನೆ ಬಂದರೆ ಚೆನ್ನಾಗಿರುತ್ತದೆ ಎಂದು ಹೇಳಿ ಚಹಾ ಕುಡಿಯಲು ಹೋದ. ಸೊನ್ನೆ ಮಾಡು ಎಂದು ಅವನು ಹೇಳಲಿಲ್ಲ, ಅವನ ಮೇಲೆ ಹೊರಿಸಲಾರೆ. ಸೊನ್ನೆಯ ಆಸೆ ಹುಟ್ಟಿದ್ದು ನನಗೆ. ನಮ್ಮ ಕಸುಬಿನವರಿಗೆ ಇದೊಂದು ರೋಗ; ಎಲ್ಲ ಸರಿಯಾಗಿ ನಡೆಯುತ್ತಿದ್ದರೂ ವರದಿಯಲ್ಲಿ ಒಂದು ಕಡಿಮೆ ಎಂದು ಕಂಡರೆ ಕೈ ತುರಿಸುತ್ತದೆ. ಮೇಡಂಗೆ ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ಬೇಡ ಎನ್ನುತ್ತಾರೆ ಎಂದು ಗೊತ್ತಿದ್ದದ್ದಕ್ಕೇ ಕೇಳಲಿಲ್ಲ. ಪ್ರತಿ ದಿನದ ಲೆಕ್ಕ ಮುಗಿದಾಗ ಆ ದಿನ ಪಡೆದದ್ದನ್ನೆಲ್ಲ ವಾಪಸು ಮಾಡುವ ಒಂದು ತುಣುಕಿತ್ತು. ಅದರೊಳಗೆ ಒಂದು ಸಾಲು ಸೇರಿಸಿದೆ: ಕೋಷ್ಟಕವನ್ನೂ ವಾಪಸು ಕೊಡು. ಬೇಕಾದರೆ ಮರುದಿನದ ಲೆಕ್ಕ ಹೊಸದನ್ನು ಮಾಡಿಕೊಳ್ಳುತ್ತದೆ ಎಂದುಕೊಂಡೆ.

ಓಡಿಸಿ ನೋಡಿದೆ. ನನ್ನ ಬಳಿ ಇದ್ದ ಪರೀಕ್ಷೆಯ ಮಾಹಿತಿ ಒಂದೇ ದಿನದ್ದು. ಅಲೆಗಳು ಸರಿಯಾಗಿ ಬಂದವು, ಹೋದದ್ದೂ ಬಂದದ್ದೂ ಸಮ. ಖುಷಿಯಿಂದ ಆ ಸಂಖ್ಯೆಗಳನ್ನು ಕೊನೆಯ ಸ್ಲೈಡಿಗೆ ದೊಡ್ಡ ಅಕ್ಷರದಲ್ಲಿ ಹಾಕಿದೆ. ಮೇಡಂ ಮದುವೆಯಿಂದ ಬಂದ ಮೇಲೂ ಹೇಳಲಿಲ್ಲ. ಪ್ರದರ್ಶನದ ದಿನ ಎಲ್ಲರ ಮುಂದೆ ನೋಡಿ ಅವರಿಗೆ ಆಶ್ಚರ್ಯವಾಗಲಿ ಎಂದುಕೊಂಡೆ.

ಪ್ರದರ್ಶನ ನಡೆದದ್ದು ನಾನು ಕೊಚ್ಚಿಯಿಂದ ಒಯ್ದ ಲ್ಯಾಪ್‌ಟಾಪಿನಲ್ಲಿ. ಮೇಡಂ ರೇಷ್ಮೆ ಸೀರೆ ಉಟ್ಟಿದ್ದರು, ಮದುವೆಯಲ್ಲಿ ಉಟ್ಟದ್ದೇ ಇರಬೇಕು. ವಿಳಿಂಜಂನ ಒಬ್ಬ ಹಿರಿಯ ಮೀನುಗಾರರನ್ನೂ ಕರೆಸಿ ಹಿಂದಿನ ಸಾಲಿನಲ್ಲಿ ಕೂರಿಸಿದ್ದರು, ಅಲೆಗಳ ಬಗ್ಗೆ ಸಮಿತಿ ಏನಾದರೂ ಕೇಳಿದರೆ ಇವರೇ ಹೇಳಲಿ ಎಂದು. ಮೂರು ದಿನಗಳ ಲೆಕ್ಕ. ಮೊದಲ ದಿನದ ಅಲೆಗಳು ಪರದೆಯ ಮೇಲೆ ಬಂದವು, ಮೀನುಗಾರ ಮುದುಕರು ತಲೆಯಾಡಿಸಿದರು. ಎರಡನೆಯ ದಿನ ವಿಳಿಂಜಂನ ಎದುರು ಅಲೆಯ ಎತ್ತರ ಮೈನಸ್ಸಿಗೆ ಇಳಿಯಿತು. ಮುಂದಿನ ತಾಸು ಇನ್ನೂ ಕೆಳಕ್ಕೆ. ಸಮಿತಿಯ ಒಬ್ಬರು, ಸಮುದ್ರ ರಜೆ ಹಾಕಿ ಹೋಗಿದೆಯೇನೋ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲರೂ ನಕ್ಕರು. ಮುದುಕರು ನಗಲಿಲ್ಲ. ಮೇಡಂ ಕೈ ಚಾಚಿ ಪ್ರೋಗ್ರಾಮನ್ನು ನಿಲ್ಲಿಸಿದರು. ನನ್ನ ಕೊನೆಯ ಸ್ಲೈಡು, ನನ್ನ ಚಂದದ ಸೊನ್ನೆ, ಯಾರಿಗೂ ಕಾಣಿಸಲೇ ಇಲ್ಲ.

ಯಾರ ತಪ್ಪು ಎಂದು ಅಧ್ಯಕ್ಷರು ಕೇಳಿದರು. ಬೈಯುವ ದನಿಯಲ್ಲಲ್ಲ, ವರದಿಗೆ ಬರೆಯಲು. ಮೇಡಂ ಎದ್ದು ನಿಂತು, ಆ ಲೈಬ್ರರಿ ತಾನು ಬರೆದದ್ದು, ಹಾಗಾಗಿ ತಪ್ಪೂ ತನ್ನದೇ, ಕಂಪನಿಯ ಹುಡುಗಿಯದಲ್ಲ ಎಂದರು. ನಾನು ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಆ ಕ್ಷಣಕ್ಕೆ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ, ಅಷ್ಟು ಮಾತ್ರ ನನ್ನ ಪರವಾಗಿ ಹೇಳಬಲ್ಲೆ. ಗೊತ್ತಾದದ್ದು ಮಧ್ಯಾಹ್ನದ ರೈಲಿನಲ್ಲಿ, ಕೊಲ್ಲಂ ದಾಟುವಾಗ. ಪೊಟ್ಟಣದಿಂದ ಬಾಳೆಕಾಯಿ ಚಿಪ್ಸು ತೆಗೆದ ಕೈ ಬಾಯಿಯ ಹತ್ತಿರವೇ ನಿಂತಿತು. ಮೊದಲ ದಿನದ ಕೊನೆಯಲ್ಲಿ ಕೋಷ್ಟಕ ವಾಪಸಾಗಿದೆ. ಎರಡನೆಯ ದಿನ ಉಗ್ರಾಣ ಅದೇ ಜಾಗವನ್ನು ಗಾಳಿಯ ಅಂಕಿಗಳಿಗೆ ಕೊಟ್ಟಿದೆ. ಲೆಕ್ಕ ಮಾತ್ರ ಕೋಷ್ಟಕ ಇನ್ನೂ ಅಲ್ಲೇ ಇದೆಯೆಂದು ನಂಬಿ, ಅಲ್ಲಿ ಸಿಕ್ಕಿದ್ದನ್ನೆಲ್ಲ ಓದಿಕೊಂಡಿದೆ. ಇಷ್ಟು ಸರಳ. ಮುಂದಿನ ನಿಲ್ದಾಣದಲ್ಲಿ ಇಳಿದು ತಿರುವನಂತಪುರದ ರೈಲು ಹಿಡಿಯಬಹುದಿತ್ತು. ಸಮಿತಿಯವರು ಮರುದಿನವೂ ಅಲ್ಲೇ ಇರುವವರಿದ್ದರು. ನಾನು ಇಳಿಯಲಿಲ್ಲ. ಕಂಪನಿಯವರು ಕೆಲಸದಿಂದ ತೆಗೆದರೆ ಎಂಬ ಹೆದರಿಕೆ ಒಂದು; ರೇಷ್ಮೆ ಸೀರೆ ಉಟ್ಟು ನನ್ನನ್ನು ಕಾಪಾಡಿದ ಆ ಹೆಂಗಸಿನ ಮುಖ ನೋಡಲಾರದ ನಾಚಿಕೆ ಇನ್ನೊಂದು. ಪಾಲಾರಿವಟ್ಟಂ ತಲುಪಿ, ಬಟ್ಟೆಯೂ ಬದಲಿಸದೆ ಲ್ಯಾಪ್‌ಟಾಪು ತೆರೆದು ಆ ಸಾಲನ್ನು ಅಳಿಸಿದೆ.

ಮರುದಿನ ಬೆಳಿಗ್ಗೆ ಮೇಡಂ ಫೋನ್ ಮಾಡಿದರು. ಬೇಸರವಿದ್ದ ದನಿಯಲ್ಲ, ಕೆಲಸಕ್ಕೆ ಸೊಂಟ ಕಟ್ಟಿದ ದನಿ. ಸಮಿತಿ ಒಂದು ವಾರ ಸಮಯ ಕೊಟ್ಟಿದೆ, ತಪ್ಪು ಎಲ್ಲಿತ್ತೆಂದು ತೋರಿಸಿದರೆ ಇನ್ನೊಮ್ಮೆ ನೋಡುತ್ತಾರಂತೆ, ನಿನ್ನೆ ಓಡಿಸಿದ ಪ್ರತಿಯನ್ನು ಇದ್ದ ಹಾಗೇ ಕಳಿಸು ಎಂದರು.

"ಏನೂ ಮುಟ್ಟಿಲ್ಲ ಹೌದಿಲ್ಲೋ ಅದರಾಗ?"

"ಇಲ್ಲ ಮೇಡಂ. ಅದೇ ಉಂಟು," ಎಂದೆ. ಸಾಲು ಅಳಿಸಿದ ಪ್ರತಿಯನ್ನು ಕಳಿಸಿದೆ.

ಅದರ ಅರ್ಥವೇನೆಂದು ಓದುವವರಿಗೆ ಹೊಳೆದಿರಬಹುದು. ತಪ್ಪೇ ಇಲ್ಲದ ಪ್ರೋಗ್ರಾಮಿನಲ್ಲಿ ಅವರು ತಪ್ಪು ಹುಡುಕತೊಡಗಿದರು. ಮೂರು ದಿನಗಳ ಲೆಕ್ಕ ಓಡಿಸಿದರೆ ಸರಿ ಬರುತ್ತಿತ್ತು. ಹತ್ತು ದಿನಗಳದ್ದೂ ಸರಿ. ಸಂಸ್ಥೆಯ ಯಂತ್ರ, ಗಂಡನ ವಿಭಾಗದ ಯಂತ್ರ, ಎಲ್ಲಿ ಓಡಿಸಿದರೂ ವಿಳಿಂಜಂನ ಅಲೆಗಳು ಒಳ್ಳೆಯ ಮಕ್ಕಳ ಹಾಗೆ ಏಳುತ್ತಿದ್ದವು. ನನ್ನ ಲ್ಯಾಪ್‌ಟಾಪನ್ನೇ ತರಿಸಿ ಓಡಿಸಿದರು, ಅಲ್ಲೂ ಸರಿ. ಒಂದು ವಾರ ಮುಗಿಯಿತು. ತಪ್ಪು ಎಲ್ಲಿತ್ತೆಂದು ತೋರಿಸಲಾಗದವರ ಲೈಬ್ರರಿಯನ್ನು ನಂಬಿ ಸಮುದ್ರಕ್ಕೆ ಜನರನ್ನು ಕಳಿಸಲಾಗದು ಎಂದು ಸಮಿತಿ ಬರೆಯಿತು. ಅವರು ಬರೆದದ್ದು ನ್ಯಾಯವಾಗಿಯೇ ಇತ್ತು. ಪ್ಯಾಕೇಜು ಬಂತು.

ಮೇಡಂ ಹುಡುಕುವುದನ್ನು ನಿಲ್ಲಿಸಲಿಲ್ಲ. ಎಂಟು ತಿಂಗಳು. ವಾರಕ್ಕೊಮ್ಮೆ ನನಗೆ ಫೋನು ಬರುತ್ತಿತ್ತು. ಅಂದು ಮಾಹಿತಿಯ ಫೈಲನ್ನು ತಾನೇ ತಪ್ಪು ಕೊಟ್ಟೆನೇ, ನಿಲ್ಲಿಸುವ ಮುಂಚೆ ಯಾವುದಾದರೂ ಕೀಲಿ ಒತ್ತಿದೆನೇ, ನಿನಗೇನಾದರೂ ನೆನಪಿದೆಯೇ ಎಂದು ಕೇಳುತ್ತಿದ್ದರು. ನಾನು ಇಲ್ಲ ಎನ್ನುತ್ತಿದ್ದೆ. ಮೊದಮೊದಲು ಅವರ ಪ್ರಶ್ನೆಗಳು ಪ್ರೋಗ್ರಾಮಿನ ಬಗ್ಗೆ ಇರುತ್ತಿದ್ದವು, ಬರುಬರುತ್ತ ಅವರ ಬಗ್ಗೆಯೇ ಆದವು. ಸ್ಕ್ರೀನಿನ ಮೇಲಿನ ಹೆಸರುಗಳನ್ನು ಆಗಾಗ ತಪ್ಪಾಗಿ ಓದುತ್ತಿದ್ದೇನೆ ಅನ್ನಿಸುತ್ತದೆ ಎಂದರು ಒಮ್ಮೆ. ಇನ್ನೊಮ್ಮೆ, ಮೊದಲಾದರೆ ಇಂಥದ್ದು ಒಂದು ದಿನದ ಕೆಲಸವಾಗಿತ್ತು ಎಂದರು. ಪ್ರತಿ ಸಲ ಫೋನು ಇಟ್ಟ ಮೇಲೆ, ಮುಂದಿನ ವಾರ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಆ ಎಂಟು ತಿಂಗಳಲ್ಲಿ ನನಗೆ ಬಡ್ತಿಯೂ ಆಯಿತು. ಸಹೋದ್ಯೋಗಿಗಳು ಫೋರ್ಟ್ ಕೊಚ್ಚಿಗೆ ಕರೆದುಕೊಂಡು ಹೋಗಿ ಮೀನಿನ ಊಟ ಹಾಕಿಸಿದರು. ಕಡಲ ಕಡೆ ಬೆನ್ನು ಹಾಕಿ ಕೂತು ಉಂಡೆ. ನನ್ನ ಮೇಲೆ ನನಗೆ ಅಸಹ್ಯ ಹುಟ್ಟಿದ್ದು ಹೌದು, ಊಟ ಸೇರದಷ್ಟಲ್ಲ.

ಕೊನೆಗೊಂದು ವಾರ ಫೋನು ಬರಲಿಲ್ಲ. ಅವರು ಪ್ರೋಗ್ರಾಮ್ ಬರೆಯುವ ಕೆಲಸವನ್ನೇ ಬಿಟ್ಟು ಸಾಮಾನು ತರಿಸುವ ವಿಭಾಗಕ್ಕೆ ಬರೆದುಕೊಟ್ಟು ಹೋದರೆಂದು ಬೇರೆಯವರಿಂದ ತಿಳಿಯಿತು.

ಎರಡು ವರ್ಷವಾದ ಮೇಲೆ ಅವರೇ ಕರೆದರು. ಗಂಡನಿಗೆ ವರ್ಗ, ಕೇರಳ ಬಿಟ್ಟು ಹೋಗುತ್ತಿದ್ದೇವೆ, ಬಂದು ಹೋಗು ಎಂದು. ಬೆಳಗಿನ ರೈಲಿಗೆ ಹೋದೆ. ಈ ಸಲ ಹೇಳಿಯೇ ತೀರಬೇಕೆಂದು ಹೊರಟಿದ್ದೆ. ಕ್ವಾರ್ಟರ್ಸಿನಲ್ಲಿ ಪೆಟ್ಟಿಗೆಗಳು ಬಾಗಿಲವರೆಗೆ ಬಂದಿದ್ದವು. ಮೇಡಂ ಅಡುಗೆಮನೆಯ ನೆಲದ ಮೇಲೆ ಕೂತು ಸ್ಟೀಲಿನ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದರು. ಮುಖ ಸಣ್ಣದಾಗಿತ್ತು. ನನ್ನನ್ನು ಕಂಡು ಎದ್ದು ಹೋಗಿ ಒಂದು ದಪ್ಪ ನೋಟ್‌ಬುಕ್ಕು ತಂದು ಕೊಟ್ಟರು. ಆ ಎಂಟು ತಿಂಗಳ ಹುಡುಕಾಟವೆಲ್ಲ ಅದರಲ್ಲಿತ್ತು. ಪ್ರತಿ ಪ್ರಯತ್ನ ಒಂದೊಂದು ಸಾಲು, ಪ್ರತಿ ಸಾಲಿನ ತುದಿಗೆ, ಸರಿ ಬಂತು, ಸರಿ ಬಂತು, ಸರಿ ಬಂತು. ಇದನ್ನು ಎಸೆಯಲು ಮನಸ್ಸು ಬರಲಿಲ್ಲ, ನಿನಗೆ ಯಾವತ್ತಾದರೂ ಹೊಳೆದರೆ ನನಗೊಂದು ಪತ್ರ ಬರಿ ಎಂದರು.

ನಾನು ಅಲ್ಲೇ ಪಾತ್ರೆಗಳ ನಡುವೆ ಕೂತೆ.

"ಕೋಷ್ಟಕ ವಾಪಸು ಕೊಡುವ ಒಂದು ಸಾಲು ನಾನು ಹಾಕಿದ್ದೆ ಮೇಡಂ. ನೀವು ಮದುವೆಗೆ ಹೋಗಿದ್ದಾಗ. ಮತ್ತೆ ತೆಗೆದು ಕಳಿಸಿದ್ದು."

ಅವರು ಕೈಯಲ್ಲಿದ್ದ ಬಟ್ಟಲನ್ನು ಸುತ್ತಿ ಮುಗಿಸಿದರು. ಪೇಪರಿನ ತುದಿಗಳನ್ನು ಒಳಕ್ಕೆ ಮಡಚಿದರು. ಎಲ್ಲಿ ಹಾಕಿದ್ದೆ ಎಂದು ಕೇಳಿದರು. ದಿನ ಮುಗಿಸುವ ತುಣುಕಿನಲ್ಲಿ ಎಂದೆ. ಒಂದು ದಿನದ್ದೇ ಓಡಿಸಿ ನೋಡಿದ್ದೆಯಾ ಎಂದರು. ಹೌದು ಎಂದೆ. ಕೊನೆಗೆ ಎಷ್ಟು ಉಳಿದಿತ್ತು ಎಂದು ಕೇಳಿದರು.

"ಸೊನ್ನೆ."

ಅವರು ಮುಂದಿನ ಬಟ್ಟಲನ್ನು ಎತ್ತಿಕೊಂಡರು.

"ಸೊನ್ನೆ ಅಂತ ಅದೊಂದ ಮಾತು ಹೇಳಿದ್ರ ಸಾಕಿತ್ತು. ಅಲ್ಲೇ ಕುಂತಲ್ಲೇ ಹಿಡೀತಿದ್ದೆ," ಎಂದರು. ಆಮೇಲೆ ಅದೇ ದನಿಯಲ್ಲಿ, "ನಾ ದವಾಖಾನಿಗೆ ಹೋಗಿ ತಲಿ ಫೋಟೋ ತಗಸಿದೆ, ಗೊತ್ತೈತೇನು? ನನಗ ಏನೋ ಆಗೈತಿ ಅಂದ್ಕೊಂಡಿದ್ದೆ."

ನಾನು ಅತ್ತೆ. ಅವರು ಅಳಲಿಲ್ಲ, ನನ್ನನ್ನು ಸಮಾಧಾನ ಮಾಡಲೂ ಇಲ್ಲ. ಅದು ಸರಿಯೇ. ಸ್ವಲ್ಪ ಹೊತ್ತಿನ ಮೇಲೆ ನೋಟ್‌ಬುಕ್ಕನ್ನು ನನ್ನ ಮಡಿಲಿನಿಂದ ತೆಗೆದು ಕೊನೆಯ ಪುಟ ಬಿಡಿಸಿ, ಆ ಸಾಲನ್ನು ಹೇಗೆ ಬರೆದಿದ್ದೆಯೋ ಹಾಗೇ ಬರೆ ಎಂದು ಪೆನ್ನು ಕೊಟ್ಟರು. ಬರೆದೆ. ಕನ್ನಡಕ ಏರಿಸಿ ಓದಿದರು. ಆ ಮುಖದಲ್ಲಿ ಒಂದು ಕ್ಷಣ ನನಗೆ ಗೊತ್ತಿದ್ದ ಹಳೆಯ ಮೇಡಂ ಬಂದು ಹೋದರು. ವಾಪಸು ಕೊಟ್ಟ ಮೇಲೆ ಅದು ಇನ್ನು ಇಲ್ಲ ಎಂದು ಗುರುತು ಹಾಕುವ ಇನ್ನೊಂದು ಸಾಲು ಬೇಕಿತ್ತು, ಅದನ್ನಾದರೂ ಹಾಕಿದ್ದರೆ ಮರುದಿನ ಲೆಕ್ಕವೇ ಹೊಸ ಕೋಷ್ಟಕ ಮಾಡಿಕೊಳ್ಳುತ್ತಿತ್ತು ಎಂದರು. ಅದನ್ನೂ ಅವರೇ ಕೆಳಗೆ ಬರೆದರು. ಪುಸ್ತಕ ಮುಚ್ಚಿ ಪಾತ್ರೆಗಳ ಪೆಟ್ಟಿಗೆಯೊಳಗೆ ಇಟ್ಟುಕೊಂಡರು. ನನಗೆ ಕೊಡಲಿಲ್ಲ.

"ಆತು. ನೀ ಇನ್ನ ಹೊಂಡು," ಎಂದರು.

ಗೇಟಿನವರೆಗೆ ಮಗಳು ಬಂದಳು. ಅಷ್ಟು ಹೊತ್ತೂ ಪಕ್ಕದ ಕೋಣೆಯಲ್ಲಿ ಪುಸ್ತಕಗಳನ್ನು ಕಟ್ಟುತ್ತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಅಮ್ಮನ ಹಳೆಯ ಕಂಪ್ಯೂಟರನ್ನು ಹೋದ ವರ್ಷವೇ ಯಾರಿಗೋ ಕೊಟ್ಟಾಗಿತ್ತು. ಸಂಸ್ಥೆಯಲ್ಲಿ ಲೈಬ್ರರಿಯ ಪ್ರತಿಯೂ ಉಳಿದಿರಲಿಲ್ಲ. ಹುಡುಗಿಗೆ ಅದು ಗೊತ್ತಿತ್ತೋ ಇಲ್ಲವೋ. ಗೇಟಿನ ಚಿಲಕ ಹಿಡಿದುಕೊಂಡು ಮಲಯಾಳದಲ್ಲಿ ಕೇಳಿದಳು.

"ಚೇಚೀ, ಅಮ್ಮ ಇನಿ ಪಿನ್ನೆಯುಂ ಎಳುತುಮೋ?"

ಅಕ್ಕಾ, ಅಮ್ಮನ ತಪ್ಪಲ್ಲ ಎಂದು ಗೊತ್ತಾಯಿತಲ್ಲ, ಇನ್ನು ಅಮ್ಮ ಮತ್ತೆ ಬರೆಯುತ್ತಾಳಾ ಎಂದು ಅವಳ ಪ್ರಶ್ನೆ. ಇಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆ.